ಪ್ರೋಟೀನ್ ಡಬ್ಬಿ ಮನೆಯಲ್ಲಿ ಯಾರಿಗೆ ಬೇಕು?

ಜಿಮ್‌ಗೆ ಸೇರಿದ ಮೊದಲ ತಿಂಗಳಲ್ಲೇ ಹುಡುಗರು ಪ್ರೋಟೀನ್ ಪೌಡರಿನ ಡಬ್ಬಿ ಕೊಂಡು ತರುತ್ತಾರೆ. ಅವರಲ್ಲಿ ಅನೇಕರು ಆಗಲೇ ದಿನಕ್ಕೆ ಮೂರು ನಾಲ್ಕು ಮೊಟ್ಟೆ, ವಾರದಲ್ಲಿ ಹಲವು ಸಲ ಕೋಳಿ ತಿನ್ನುವವರು. ಡಬ್ಬಿಯಿಲ್ಲದಿದ್ದರೂ ಅವರ ಮೈ ಕಟ್ಟಿಕೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಇರುವುದಿಲ್ಲ. ಅದೇ ಮನೆಯಲ್ಲಿ ಅರವತ್ತೈದು ದಾಟಿದ ತಾಯಿ ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಹಾಲು ಅವಲಕ್ಕಿ ತಿಂದು ‘ಈ ವಯಸ್ಸಿಗೆ ಇಷ್ಟು ಸಾಕು’ ಎಂದು ಕೈ ತೊಳೆಯುತ್ತಾರೆ. ಆ ಡಬ್ಬಿಯಿಂದ ಹೆಚ್ಚಿನ ಪ್ರಯೋಜನ ಆಗುವುದು ಆಕೆಗೆ. ಕೆಲವು ವರ್ಷಗಳಿಂದ ಭಾರ ಎತ್ತುತ್ತಾ, ಈ ವಿಷಯದಲ್ಲಿ ಸಿಕ್ಕಿದ್ದನ್ನು ಓದುತ್ತಾ, ಮನೆಯವರ ತಟ್ಟೆಯ ಮೇಲೆ ಒಂದು ಕಣ್ಣಿಟ್ಟು ನೋಡಿದ ಮೇಲೆ ನಾನು ತಲುಪಿರುವ ಅಭಿಪ್ರಾಯ ಇದು. ನಾನು ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ. ಆದರೆ ಇಲ್ಲಿ ಬೇಕಾಗಿರುವ ಗಣಿತ ಕೂಡುವ ಕಳೆಯುವ ಲೆಕ್ಕಕ್ಕಿಂತ ದೊಡ್ಡದಲ್ಲ.

ಮೊದಲು ತಟ್ಟೆಯ ಲೆಕ್ಕ. ಸುಮಾರು 60 ಕೆಜಿ ತೂಕದ, ಮೊಟ್ಟೆ ಮಾಂಸ ತಿನ್ನದ ಒಬ್ಬ ಹೆಂಗಸಿನ ಒಂದು ಸಾಧಾರಣ ದಿನವನ್ನು ತೆಗೆದುಕೊಳ್ಳೋಣ. ಮೂರು ಇಡ್ಲಿಯಲ್ಲಿ 6 ಗ್ರಾಂ ಪ್ರೋಟೀನ್ ಇರುತ್ತದೆ. ಹುರಿಗಡಲೆ ಹಾಕಿ ಅರೆದ ಚಟ್ನಿಯಿಂದ ಇನ್ನೆರಡು ಗ್ರಾಂ. ಎರಡು ಹೊತ್ತಿನ ಕಾಫಿಗೆ ಬಳಸುವ ಹಾಲು 150 ಮಿಲಿ ಎಂದುಕೊಂಡರೆ ಅದರಿಂದ 5 ಗ್ರಾಂ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ ಉಂಡರೆ 8 ಗ್ರಾಂ, ಆಕೆಯ ಪಾಲಿಗೆ ಬಂದ ಸಾರಿನಲ್ಲಿರುವ ಒಂದು ಹಿಡಿಗಿಂತ ಕಡಿಮೆ ತೊಗರಿಬೇಳೆಯಿಂದ 3 ಗ್ರಾಂ, ಬೀನ್ಸ್ ಪಲ್ಯದಿಂದ 2, ಒಂದು ಸಣ್ಣ ಬಟ್ಟಲು ಮೊಸರಿನಿಂದ 3. ರಾತ್ರಿ ಸ್ವಲ್ಪ ಕಡಿಮೆ ಅನ್ನ, ಅದೇ ಸಾರು, ಒಂದು ಲೋಟ ಮಜ್ಜಿಗೆ ಸೇರಿ 11. ಎಲ್ಲವನ್ನೂ ಕೂಡಿದರೆ ಬರುವುದು 40 ಗ್ರಾಂ. ಹೊಟ್ಟೆ ತುಂಬಿರುತ್ತದೆ, ಊಟದಲ್ಲಿ ಯಾರೂ ಕೊರತೆ ಹೇಳುವಂತಿಲ್ಲ, ಆದರೂ ದೇಹತೂಕದ ಕೆಜಿಗೆ ಮುಕ್ಕಾಲು ಗ್ರಾಮೂ ತುಂಬಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಡಿಯಲ್ಲಿರುವ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪ್ರಮಾಣದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ಅದು ಒಳ್ಳೆಯ ಗುಣಮಟ್ಟದ ಪ್ರೋಟೀನಿಗೆ ಹೇಳಿದ ಮಾತು. ಹೆಚ್ಚಿನ ಪಾಲು ಅಕ್ಕಿ, ಗೋಧಿ, ರಾಗಿಯಿಂದಲೇ ಬರುವ ಊಟವಾದರೆ ಕೆಜಿಗೆ 1 ಗ್ರಾಂ ಎಂದು ಇಟ್ಟುಕೊಳ್ಳುವುದು ಸರಿ. ಪ್ರೋಟೀನ್ ಕಟ್ಟಲ್ಪಟ್ಟಿರುವುದು ಅಮೈನೋ ಆಮ್ಲಗಳೆಂಬ ಬಿಡಿ ಘಟಕಗಳಿಂದ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಬೇಳೆಗಳಲ್ಲಿ ಮೆಥಿಯೋನಿನ್ ಕಡಿಮೆ, ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನಕ್ಕೆ ಬೇಳೆ, ಮುದ್ದೆಗೆ ಕಾಳುಸಾರು ಎಂಬ ನಮ್ಮ ಜೋಡಿಯಲ್ಲಿ ಈ ಹೊಂದಾಣಿಕೆ ತಾನಾಗಿಯೇ ಇದೆ. ಜೋಡಿ ಸರಿಯಾಗಿದೆ, ಪ್ರಮಾಣದಲ್ಲಿ ಮಾತ್ರ ಎಡವಿದ್ದೇವೆ: ಬೆಟ್ಟದಷ್ಟು ಅನ್ನಕ್ಕೆ ಸೌಟಿನಷ್ಟು ಬೇಳೆ.

ನಮ್ಮ ಅಡುಗೆಯ ರೀತಿಯಲ್ಲೇ ಇರುವ ಒಂದು ಸೋರಿಕೆಯನ್ನು ಇಲ್ಲಿ ಹೇಳಬೇಕು. ಕನ್ನಡದ ಅಡುಗೆಮನೆಯಲ್ಲಿ ತಿಳಿಗೆ ಇರುವ ಗೌರವ ಗಟ್ಟಿಗೆ ಇಲ್ಲ. ಬೇಳೆ ಬೇಯಿಸಿ, ಮೇಲೆ ನಿಂತ ಕಟ್ಟನ್ನು ಬಸಿದುಕೊಂಡು ಮಾಡಿದ ಸಾರೇ ಮದುವೆಮನೆಯಲ್ಲಿ ಹೆಸರು ಮಾಡುತ್ತದೆ. ಹುರುಳಿಕಟ್ಟಿನ ಸಾರಿನ ವಿಷಯವಂತೂ ಇನ್ನೂ ಸ್ಪಷ್ಟ. ಹುರುಳಿಯನ್ನು ಗಂಟೆಗಟ್ಟಲೆ ಬೇಯಿಸಿ, ಕಂದು ಬಣ್ಣದ ಆ ಕಟ್ಟನ್ನು ಬಸಿದು, ಹುಣಸೆಹಣ್ಣು, ಬೆಳ್ಳುಳ್ಳಿ ಹಾಕಿ ಕುದಿಸಿ, ದಿನಗಟ್ಟಲೆ ಕಾಯಿಸಿ ಕಾಯಿಸಿ ಉಣ್ಣುತ್ತೇವೆ. ರುಚಿಯೆಲ್ಲ ಕಟ್ಟಿನಲ್ಲಿ ಇಳಿದಿರುವುದು ನಿಜ, ಆದರೆ ಪ್ರೋಟೀನಿನ ಹೆಚ್ಚಿನ ಪಾಲು ಬೆಂದ ಕಾಳಿನೊಳಗೇ ಉಳಿದಿರುತ್ತದೆ. ಹಿಂದೆ ಆ ಬೆಂದ ಹುರುಳಿ ಹೋಗುತ್ತಿದ್ದದ್ದು ಎತ್ತಿನ ಬಾನಿಗೆ. ಹೊಲ ಉಳುವ ಎತ್ತಿಗೆ ಅದು ಬೇಕಾಗಿಯೇ ಇತ್ತು ಎಂಬುದು ಬೇರೆ ಮಾತು, ಆದರೆ ಎತ್ತುಗಳಿಲ್ಲದ ಫ್ಲ್ಯಾಟಿನಲ್ಲಿ ಬಸಿದ ಕಾಳು ಕಸದ ಬುಟ್ಟಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಬಸ್ಸಾರಿನ ಕಥೆ ಇದಕ್ಕಿಂತ ವಾಸಿ. ಸೊಪ್ಪು, ಅಲಸಂದೆ ಅಥವಾ ಅವರೆಕಾಳನ್ನು ಒಟ್ಟಿಗೆ ಬೇಯಿಸಿ ಬಸಿದ ನೀರು ಸಾರಾದರೆ, ಉಳಿದ ಗಟ್ಟಿ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಆದರೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವವನು ಪಲ್ಯವನ್ನು ನೆಂಚಿಕೊಳ್ಳಲು ಬೆರಳ ತುದಿಯಷ್ಟು ಹಾಕಿಸಿಕೊಂಡರೆ ಅವನಿಗೆ ಸಿಗುವುದು ಖಾರದ ನೀರು. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ತೊಗರಿಬೇಳೆಯಲ್ಲೂ ಹೆಸರುಕಾಳಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಅದನ್ನು ಪಡೆಯಬೇಕಾದರೆ ಕಾಳನ್ನು ಜಗಿಯಬೇಕು.

ರಾಗಿಯ ವಿಷಯದಲ್ಲಿಯೂ ಒಂದು ತಪ್ಪು ಗ್ರಹಿಕೆ ಬೇರೂರಿದೆ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂಬ ಮಾತನ್ನು ಹೇಳಿ ಮುದ್ದೆಯೇ ಮೈಕಟ್ಟಿನ ಗುಟ್ಟು ಎನ್ನುವವರು ಈಗಲೂ ಇದ್ದಾರೆ. 100 ಗ್ರಾಂ ರಾಗಿಯಲ್ಲಿರುವ ಪ್ರೋಟೀನ್ 7 ಗ್ರಾಂ ಮಾತ್ರ, ಅಕ್ಕಿಗಿಂತ ತುಸು ಕಡಿಮೆಯೇ. ರಾಗಿಯ ಹೆಚ್ಚುಗಾರಿಕೆ ಇರುವುದು ಸುಣ್ಣಾಂಶದಲ್ಲಿ ಮತ್ತು ನಾರಿನಲ್ಲಿ. ಬೆಟ್ಟ ಕಿತ್ತವನು ಮುದ್ದೆಯ ಜೊತೆಗೆ ಕಾಳುಸಾರನ್ನೂ ಉಂಡಿದ್ದ, ದಿನವಿಡೀ ಗುದ್ದಲಿಯನ್ನೂ ಹಿಡಿದಿದ್ದ. ಮುದ್ದೆಯನ್ನು ಮಾತ್ರ ಉಳಿಸಿಕೊಂಡು ಗುದ್ದಲಿಯನ್ನು ಬಿಟ್ಟ ನಾವು ಆ ಗಾದೆಯನ್ನು ನಮ್ಮ ಪರವಾಗಿ ಬಳಸುವಂತಿಲ್ಲ.

ಗುದ್ದಲಿಯ ಮಾತು ಬಂದದ್ದರಿಂದ ಸ್ನಾಯು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಬರೋಣ. ನಮ್ಮ ಸ್ನಾಯುಗಳಲ್ಲಿರುವ ಪ್ರೋಟೀನ್ ಹಗಲೂ ಇರುಳೂ ಒಡೆಯುತ್ತಾ, ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಒಡೆಯುವುದಕ್ಕಿಂತ ಕಟ್ಟುವುದು ಹೆಚ್ಚಾದರೆ ಬೆಳವಣಿಗೆ, ಕಡಿಮೆಯಾದರೆ ಕರಗುವಿಕೆ. ಕಟ್ಟುವ ಕೆಲಸವನ್ನು ಚುರುಕುಗೊಳಿಸುವವು ಎರಡು: ಸ್ನಾಯುವಿನ ಮೇಲೆ ಬೀಳುವ ಭಾರ ಮತ್ತು ಆಹಾರದಿಂದ ಬರುವ ಅಮೈನೋ ಆಮ್ಲಗಳು, ಅದರಲ್ಲೂ ಮುಖ್ಯವಾಗಿ ಲ್ಯೂಸಿನ್. ಒಂದು ಹೊತ್ತಿನ ಊಟದಲ್ಲಿ ಎರಡೂವರೆ ಗ್ರಾಮಿನಷ್ಟು ಲ್ಯೂಸಿನ್ ಬಂದರೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಪೌಡರ್ ಡಬ್ಬಿಗಳಲ್ಲಿರುವ, ಹಾಲಿನಿಂದ ತೆಗೆದ ವೇ ಎಂಬ ಪ್ರೋಟೀನಿನ 25 ಗ್ರಾಮಿನಲ್ಲಿ ಅಷ್ಟು ಸಿಗುತ್ತದೆ. ತೊಗರಿಬೇಳೆಯೊಂದರಿಂದಲೇ ಪಡೆಯಬೇಕೆಂದರೆ 150 ಗ್ರಾಂ ಮೀರಿದ ಬೇಳೆಯನ್ನು ಒಂದೇ ಹೊತ್ತಿಗೆ ಉಣ್ಣಬೇಕಾಗುತ್ತದೆ. ಹಾಗೆ ಯಾರೂ ಉಣ್ಣುವುದಿಲ್ಲ, ಉಂಡರೂ ಹೊಟ್ಟೆ ಸುಮ್ಮನಿರುವುದಿಲ್ಲ. ಹಾಲು, ಮೊಸರು, ಪನೀರ್, ಸೋಯಾ, ಮೊಟ್ಟೆ ಇವುಗಳಲ್ಲಿ ಯಾವುದಾದರೊಂದು ಬೇಳೆಯ ಜೊತೆಗೆ ಪ್ರತಿ ಹೊತ್ತಿನ ತಟ್ಟೆಯಲ್ಲೂ ಇರಬೇಕು ಎನ್ನುವುದು ಇದೇ ಕಾರಣಕ್ಕೆ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂಬ ಜಿಮ್‌ನ ನಂಬಿಕೆಗೆ ಮಾತ್ರ ಹೆಚ್ಚು ಆಧಾರವಿಲ್ಲ. ಭಾರ ಎತ್ತಿದ ಸ್ನಾಯು ಒಂದು ದಿನದಷ್ಟು ಕಾಲ ಪ್ರೋಟೀನನ್ನು ಚೆನ್ನಾಗಿ ಬಳಸಿಕೊಳ್ಳುವ ಸ್ಥಿತಿಯಲ್ಲಿ ಇರುತ್ತದೆ. ಲೆಕ್ಕಕ್ಕೆ ಬರುವುದು ದಿನದ ಒಟ್ಟು ಮೊತ್ತ.

ಎಷ್ಟು ಮೊತ್ತ ಎಂಬ ಪ್ರಶ್ನೆಗೆ ಅತಿ ಹೆಚ್ಚು ಉಲ್ಲೇಖಗೊಳ್ಳುವ ಉತ್ತರ 2018ರಲ್ಲಿ ಬಂದ ಒಂದು ಸಂಗ್ರಹ ವಿಶ್ಲೇಷಣೆಯದು. 49 ಅಧ್ಯಯನಗಳ, 1,863 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಭಾರದ ವ್ಯಾಯಾಮ ಮಾಡುವವರಲ್ಲಿ ಕೆಜಿಗೆ ಸುಮಾರು 1.6 ಗ್ರಾಂವರೆಗೆ ಪ್ರೋಟೀನ್ ಏರಿದಂತೆ ಸ್ನಾಯುವಿನ ಗಳಿಕೆ ಏರಿತು, ಅದರಾಚೆಗೆ ಸರಾಸರಿಯಲ್ಲಿ ಏರಲಿಲ್ಲ. ಜಿಮ್‌ಗಳಲ್ಲಿ ಈ 1.6 ಎಂಬ ಸಂಖ್ಯೆ ಮಂತ್ರದ ಹಾಗೆ ಚಾಲ್ತಿಯಲ್ಲಿದೆ. ಆದರೆ ಅದೇ ವಿಶ್ಲೇಷಣೆಯಲ್ಲಿದ್ದ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ವ್ಯಾಯಾಮವೊಂದರಿಂದಲೇ ಬಂದ ಗಳಿಕೆ ಸರಾಸರಿ 1.1 ಕೆಜಿ, ಅದರ ಮೇಲೆ ಹೆಚ್ಚುವರಿ ಪ್ರೋಟೀನಿನಿಂದ ಬಂದದ್ದು 0.3 ಕೆಜಿ. ಬಲದ ವಿಷಯದಲ್ಲಿ ಪೌಡರಿನ ಪಾಲು ಇನ್ನೂ ಚಿಕ್ಕದು. ವ್ಯಾಯಾಮದಿಂದ ಎತ್ತುವ ಭಾರ 27 ಕೆಜಿ ಹೆಚ್ಚಿದ್ದರೆ ಪ್ರೋಟೀನಿನಿಂದ ಎರಡೂವರೆ ಕೆಜಿ. ಕೆಲಸ ಮಾಡುವುದು ಎತ್ತುವ ಕಬ್ಬಿಣ, ಪ್ರೋಟೀನ್ ಅದಕ್ಕೆ ಒತ್ತಾಸೆ. ಹಾಗೆಂದು ಈ 0.3 ಕೆಜಿಯನ್ನು ನಮ್ಮೂರಿನ ಸಸ್ಯಾಹಾರಿಗೆ ನೇರವಾಗಿ ಅನ್ವಯಿಸಲೂ ಬರುವುದಿಲ್ಲ. ಏಕೆಂದರೆ ಆ ಅಧ್ಯಯನಗಳಲ್ಲಿದ್ದ ಜನ ಪೌಡರ್ ಮುಟ್ಟುವ ಮೊದಲೇ ಸರಾಸರಿಯಲ್ಲಿ ಕೆಜಿಗೆ 1.4 ಗ್ರಾಂ ಪ್ರೋಟೀನ್ ತಿನ್ನುತ್ತಿದ್ದವರು. 0.7ರಲ್ಲಿ ನಿಂತವರಿಗೆ ಮೇಲಕ್ಕೆ ಬರಲು ಇರುವ ಅವಕಾಶ ಅವರಿಗಿಂತ ಬಹಳ ಹೆಚ್ಚು.

ಮೈಸೂರಿನ ಗರಡಿಮನೆಗಳಲ್ಲಿ ಈ ಸಂಖ್ಯೆಗಳಿರಲಿಲ್ಲ, ಆದರೆ ವ್ಯವಹಾರ ಗೊತ್ತಿತ್ತು. ದಸರಾ ಕುಸ್ತಿಗೆ ಇಳಿಯುವ ಪೈಲ್ವಾನರು ಕೆಮ್ಮಣ್ಣಿನ ಮಟ್ಟಿಯಲ್ಲಿ ನೂರಾರು ದಂಡೆ, ಬಸ್ಕಿ ಹೊಡೆದು, ಗದೆ ತಿರುಗಿಸಿದ ಮೇಲೆ ಅರೆದ ಬಾದಾಮಿ ಹಾಕಿದ ಹಾಲು, ಮೊಟ್ಟೆ, ತುಪ್ಪ, ಮಾಂಸ ತಿನ್ನುತ್ತಿದ್ದರು. ಇದರಲ್ಲಿ ಬಾದಾಮಿಗೆ ಸಿಕ್ಕ ಕೀರ್ತಿ ಅತಿಯಾಯಿತು ಎಂಬುದು ನನ್ನ ಅನಿಸಿಕೆ. ಬಾದಾಮಿ, ಕಡಲೆಕಾಯಿ ಎರಡೂ ಮೂಲತಃ ಎಣ್ಣೆಯ ಬೀಜಗಳು. 100 ಗ್ರಾಂ ಕಡಲೆಕಾಯಿಬೀಜದಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೂ ಅದರ ಜೊತೆಗೆ ಐನೂರಕ್ಕೂ ಹೆಚ್ಚು ಕ್ಯಾಲೊರಿ ಒಳಗೆ ಹೋಗುತ್ತದೆ. ದಿನಕ್ಕೆ ಗಂಟೆಗಟ್ಟಲೆ ಸಾಮು ಮಾಡುವವನಿಗೆ ಅದು ಲಾಭ, ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವನಿಗೆ ಅದು ಸೊಂಟದ ಸುತ್ತಳತೆ. ಪೈಲ್ವಾನನ ಮೈಗೆ ಪ್ರೋಟೀನ್ ಸಲ್ಲುತ್ತಿದ್ದದ್ದು ಹಾಲು, ಮೊಟ್ಟೆ ಮತ್ತು ಮಾಂಸದಿಂದ. ಇದೇ ಸಂದರ್ಭದಲ್ಲಿ ಕಾಲು ಸೂಪಿನ ಬಗ್ಗೆಯೂ ಒಂದು ಮಾತು. ಮೂಳೆ ಮುರಿದವರಿಗೆ, ಬಾಣಂತಿಗೆ, ಸೊರಗಿದವರಿಗೆ ಮಂಡ್ಯ ಮೈಸೂರು ಕಡೆಯ ಮನೆಗಳಲ್ಲಿ ಅದನ್ನು ಮದ್ದೆಂದೇ ಕೊಡುತ್ತಾರೆ. ಕಾಲಿನ ಮೂಳೆ, ಚರ್ಮ, ಸ್ನಾಯುರಜ್ಜುಗಳಿಂದ ಇಳಿಯುವುದು ಬಹುಪಾಲು ಕೊಲ್ಯಾಜೆನ್. ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೋ ಆಮ್ಲ (ದೇಹ ತಾನೇ ತಯಾರಿಸಿಕೊಳ್ಳಲಾಗದೆ ಊಟದಿಂದಲೇ ಪಡೆಯಬೇಕಾದದ್ದು) ಇಲ್ಲವೇ ಇಲ್ಲ, ಲ್ಯೂಸಿನ್ ಕಡಿಮೆ. ರುಚಿಗೆ, ಹಸಿವು ಕೆರಳಿಸುವುದಕ್ಕೆ, ಬಿಸಿಗೆ ಅದು ಒಳ್ಳೆಯದೇ, ಸ್ನಾಯು ಕಟ್ಟುವುದಕ್ಕೆ ಮಾತ್ರ ಅದರ ಪಕ್ಕದಲ್ಲಿ ಎರಡು ಮೊಟ್ಟೆ ಬೇಕು. ಈಗ ದುಬಾರಿ ಬೆಲೆಗೆ ಮಾರುವ ಕೊಲ್ಯಾಜೆನ್ ಪುಡಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಡಬ್ಬಿಯ ಒಳಗೇನಿದೆ ಎಂಬ ವಿಚಾರ. ಹಾಲಿನ ಪ್ರೋಟೀನಿನಲ್ಲಿ ಶೇ. 80ರಷ್ಟು ಕೇಸೀನ್, ಶೇ. 20ರಷ್ಟು ವೇ. ಚೀಸ್ ಮಾಡುವಾಗ ಹಾಲನ್ನು ಹದವಾದ ಬಿಸಿಯಲ್ಲಿಟ್ಟು ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಕೇಸೀನ್ ಗಟ್ಟಿಯಾಗುತ್ತದೆ, ವೇ ಪ್ರೋಟೀನ್ ಹಸಿರುಮಿಶ್ರಿತ ಹಳದಿ ನೀರಿನಲ್ಲಿ ಉಳಿಯುತ್ತದೆ. ಆ ನೀರನ್ನು ಸೂಕ್ಷ್ಮ ಸೋಸುಪೊರೆಗಳ ಮೂಲಕ ಹಾಯಿಸಿ, ಲ್ಯಾಕ್ಟೋಸ್ ಮತ್ತು ಲವಣಗಳನ್ನು ಬೇರ್ಪಡಿಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದರೆ ಪೌಡರ್ ಸಿದ್ಧವಾಗುತ್ತದೆ. ಶೇ. 80ರವರೆಗೆ ಪ್ರೋಟೀನ್ ಇರುವುದು ಕಾನ್ಸಂಟ್ರೇಟ್, ಶೇ. 90 ಅಥವಾ ಹೆಚ್ಚು ಇರುವುದು ಐಸೊಲೇಟ್. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಿಗೆ ಲ್ಯಾಕ್ಟೋಸ್ ಬಹುತೇಕ ಇಲ್ಲದ ಐಸೊಲೇಟ್ ಸರಿಹೊಂದುತ್ತದೆ, ಉಳಿದವರು ಅದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಮನೆಯಲ್ಲಿ ಹಾಲು ಒಡೆಸಿ ಪನೀರ್ ಮಾಡಿದಾಗ ಉಳಿಯುವ ನೀರೂ ಇದೇ ವೇ ಅಲ್ಲವೇ, ಅದನ್ನು ಕುಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಪನೀರಿಗೆ ಹಾಲನ್ನು ಚೆನ್ನಾಗಿ ಕುದಿಸಿ ನಿಂಬೆರಸ ಹಿಂಡುತ್ತೇವೆ. ಆ ಬಿಸಿಗೆ ವೇ ಪ್ರೋಟೀನ್ ರೂಪಗೆಟ್ಟು ಕೇಸೀನಿಗೇ ಅಂಟಿಕೊಂಡು ಪನೀರಿನೊಳಗೆ ಸೇರಿಬಿಡುತ್ತದೆ. ನೀರಿನಲ್ಲಿ ಉಳಿಯುವುದು ಮುಖ್ಯವಾಗಿ ಹಾಲಿನ ಸಕ್ಕರೆ ಮತ್ತು ಲವಣ. ಚಪಾತಿ ಹಿಟ್ಟು ಕಲಸಲು ಅದು ಸೊಗಸು, ಆದರೆ ಸ್ನಾಯುವಿನ ಲೆಕ್ಕಕ್ಕೆ ಪನೀರನ್ನೇ ತಿನ್ನಬೇಕು. 100 ಗ್ರಾಮಿಗೆ 18ರಿಂದ 19 ಗ್ರಾಂ ಸಿಗುತ್ತದೆ.

ಡಬ್ಬಿಯಲ್ಲಿ ಮೋಸ ಹೇಗೆ ನಡೆಯುತ್ತದೆ ಎಂಬುದು ತಿಳಿದಿದ್ದರೆ ಕೊಳ್ಳುವಾಗ ಸಹಾಯವಾಗುತ್ತದೆ. ಆಹಾರದ ಪ್ರೋಟೀನನ್ನು ಅಳೆಯುವ ಹಳೆಯ ವಿಧಾನ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ್ದು. ಅದು ಅಳೆಯುವುದು ಸಾರಜನಕವನ್ನು. ಬಂದ ಸಂಖ್ಯೆಯನ್ನು ಸಾಮಾನ್ಯವಾಗಿ 6.25ರಿಂದ ಗುಣಿಸಿ ಪ್ರೋಟೀನ್ ಎಂದು ಕರೆಯುತ್ತಾರೆ. ಹಾಗಾಗಿ ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಸಾರಜನಕಯುಕ್ತ ಪದಾರ್ಥಗಳನ್ನು ಬೆರೆಸಿದರೆ ಅವೂ ಲೆಕ್ಕದಲ್ಲಿ ಪ್ರೋಟೀನಾಗಿ ತೋರುತ್ತವೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿ ಸಾವಿರಾರು ಮಕ್ಕಳ ಮೂತ್ರಪಿಂಡ ಕೆಡಿಸಿದ್ದೂ ಇದೇ ಅಳತೆಯ ದೌರ್ಬಲ್ಯವನ್ನು ಬಳಸಿಕೊಂಡು. ಭಾರತದ ಮಾರುಕಟ್ಟೆಯ 36 ಪೌಡರುಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ, ಕೇರಳದ ವೈದ್ಯರೊಬ್ಬರ ನೇತೃತ್ವದ ಅಧ್ಯಯನವೊಂದರಲ್ಲಿ ಸುಮಾರು ಶೇ. 70ರಷ್ಟು ಡಬ್ಬಿಗಳ ಮೇಲಿನ ಪ್ರೋಟೀನ್ ಮಾಹಿತಿ ಒಳಗಿನದಕ್ಕೆ ತಾಳೆಯಾಗಲಿಲ್ಲ, ಶೇ. 14ರಷ್ಟರಲ್ಲಿ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್ ಸಿಕ್ಕಿತು. ನಾನು ನೋಡುವುದು ಕೆಲವನ್ನು ಮಾತ್ರ. ಒಂದು ಸ್ಕೂಪಿನ ತೂಕ ಎಷ್ಟು, ಅದರಲ್ಲಿ ಪ್ರೋಟೀನ್ ಎಷ್ಟು ಎಂದು ಭಾಗಿಸಿದರೆ ಶೇ. 70ಕ್ಕಿಂತ ಮೇಲೆ ಬರಬೇಕು. ಪದಾರ್ಥಗಳ ಪಟ್ಟಿಯಲ್ಲಿ ವೇ ಮೊದಲಿಗೆ ಇರಬೇಕು, ಬಿಡಿ ಅಮೈನೋ ಆಮ್ಲಗಳ ಹೆಸರು ಅಲ್ಲಲ್ಲಿ ತೂರಿರಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಸ್ವತಂತ್ರ ಪ್ರಯೋಗಾಲಯದ ವರದಿಯನ್ನು ಬ್ಯಾಚ್ ಸಂಖ್ಯೆಯ ಸಮೇತ ತೋರಿಸುವ ಕಂಪನಿಯಾದರೆ ಇನ್ನೂ ಉತ್ತಮ. ಟ್ರೇನರ್ ತಾನೇ ತಂದು ಮಾರುವ, ಬಿಲ್ ಇಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡವೆನ್ನಿ.

ಉಳಿದ ಸಾಮಗ್ರಿಗಳ ಬಗ್ಗೆ ಹೆಚ್ಚು ಬರೆಯಲು ಏನಿಲ್ಲ. ತೂಕ ಹೆಚ್ಚಿಸುವ ಮಾಸ್ ಗೇನರ್ ಎಂಬುದರಲ್ಲಿ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹಿಟ್ಟುಸಕ್ಕರೆ; ಆ ಕೆಲಸಕ್ಕೆ ಹಾಲು ಬೆಲ್ಲದಲ್ಲಿ ಕಲಸಿದ ಹುರಿಹಿಟ್ಟೇ ಸಾಕು. ಬಿಸಿಎಎ ಎಂದು ಮಾರುವುದು ಒಂಬತ್ತು ಅಗತ್ಯ ಅಮೈನೋ ಆಮ್ಲಗಳಲ್ಲಿ ಮೂರನ್ನು ಮಾತ್ರ. ಸಾಕಷ್ಟು ಪ್ರೋಟೀನ್ ತಿನ್ನುವವರಿಗೆ ಅದು ಬಣ್ಣದ ನೀರು. ನಿಜವಾಗಿಯೂ ಕೆಲಸ ಮಾಡುವ ಅಗ್ಗದ ವಸ್ತು, ಭಾರ ಎತ್ತುವಾಗ ಸ್ನಾಯುವಿಗೆ ಶಕ್ತಿ ಒದಗಿಸುವ ಕ್ರಿಯಾಟಿನ್ ಮೊನೊಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ. ಕ್ರಿಯಾಟಿನ್ ಆಹಾರದಲ್ಲಿ ಬರುವುದು ಮುಖ್ಯವಾಗಿ ಮಾಂಸ ಮೀನುಗಳಿಂದ, ಆದ್ದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ದಾಸ್ತಾನು ಕಡಿಮೆಯಿರುತ್ತದೆ, ಸೇವಿಸಿದಾಗ ಅವರಿಗೆ ಪರಿಣಾಮ ಹೆಚ್ಚು ಕಾಣಬಹುದು. ಮೊದಲ ವಾರಗಳಲ್ಲಿ ಸ್ನಾಯು ನೀರು ಹಿಡಿಯುವುದರಿಂದ ತೂಕ ತುಸು ಏರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

ಹಣದ ಲೆಕ್ಕವನ್ನೂ ಮಾಡಿಬಿಡೋಣ. ಬೆಲೆಗಳು ಏರಿಳಿಯುತ್ತವೆ, ಹಾಗಾಗಿ ಇವು ಉದಾಹರಣೆಯ ಬೆಲೆಗಳು. ಒಂದು ಕೆಜಿ ವೇ ಡಬ್ಬಿಗೆ 2,500 ರೂಪಾಯಿ ಎಂದಿಟ್ಟುಕೊಂಡರೆ 100 ರೂಪಾಯಿಗೆ ಸಿಗುವ ಪ್ರೋಟೀನ್ 32 ಗ್ರಾಂ. ಒಂದು ಮೊಟ್ಟೆಗೆ 7 ರೂಪಾಯಿ ಎಂದರೆ ಅದೇ 100 ರೂಪಾಯಿಗೆ 84 ಗ್ರಾಂ. ಲೀಟರಿಗೆ 46 ರೂಪಾಯಿಯ ಹಾಲಿನಿಂದ 70 ಗ್ರಾಂ. ಕೆಜಿಗೆ 120 ರೂಪಾಯಿಯ ತೊಗರಿಬೇಳೆಯಿಂದ 180 ಗ್ರಾಂ. 100 ಗ್ರಾಮಿಗೆ 50 ಗ್ರಾಂ ಮೀರಿದ ಪ್ರೋಟೀನ್ ಇರುವ ಸೋಯಾ ಚಂಕ್ಸ್ ಇವೆಲ್ಲವನ್ನೂ ಹಿಂದಿಕ್ಕುತ್ತದೆ, ಅದರ ರುಚಿಯನ್ನು ಸಹಿಸಿಕೊಳ್ಳಬಲ್ಲವರಿಗೆ. ಡಬ್ಬಿಗೆ ನಾವು ಕೊಡುವ ಹೆಚ್ಚುವರಿ ಹಣ ಅನುಕೂಲಕ್ಕೆ: ಬೇಯಿಸಬೇಕಾಗಿಲ್ಲ, ಜಗಿಯಬೇಕಾಗಿಲ್ಲ, ಹೊಟ್ಟೆ ಭಾರವಾಗುವುದಿಲ್ಲ.

ಈ ಮೂರು ಅನುಕೂಲಗಳೂ ಯಾರಿಗೆ ಬೇಕು ಎಂದು ಯೋಚಿಸಿದರೆ ಮತ್ತೆ ಮನೆಯ ಹಿರಿಯರೇ ಕಣ್ಣಿಗೆ ಬೀಳುತ್ತಾರೆ. ಮೂವತ್ತರ ನಂತರ ಸ್ನಾಯು ನಿಧಾನವಾಗಿ ಕರಗತೊಡಗುತ್ತದೆ, ಅರವತ್ತರ ನಂತರ ವೇಗ ಹೆಚ್ಚುತ್ತದೆ. ಅಷ್ಟೇ ಪ್ರೋಟೀನ್ ತಿಂದರೂ ವಯಸ್ಸಾದ ಸ್ನಾಯು ಹರೆಯದ ಸ್ನಾಯುವಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಅದಕ್ಕಾಗಿಯೇ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2013ರಲ್ಲಿ ಹಿರಿಯರಿಗೆ ಕೆಜಿಗೆ 1.0ರಿಂದ 1.2 ಗ್ರಾಂ, ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಇನ್ನೂ ಹೆಚ್ಚು ಬೇಕೆಂದು ಹೇಳಿತು. ಆದರೆ ನಮ್ಮಲ್ಲಿ ವಯಸ್ಸಾದಂತೆ ಊಟ ಹಗುರವಾಗಬೇಕು ಎಂಬ ನಂಬಿಕೆ. ಹಲ್ಲು ಹೋದಂತೆ ಕಾಳು ತಟ್ಟೆಯಿಂದ ಇಳಿಯುತ್ತದೆ, ಕಾಫಿ ಬಿಸ್ಕತ್ತು ಏರುತ್ತದೆ, ಏಕಾದಶಿ, ಶನಿವಾರದ ಒಪ್ಪೊತ್ತುಗಳು ಸೇರಿಕೊಳ್ಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಮೈಕಟ್ಟಿಗಾಗಿ ಪ್ರೋಟೀನ್ ಪೂರಕಗಳನ್ನು ಬಳಸಬೇಡಿ ಎಂಬ ಸಲಹೆಯಿದೆ. ಮೊಟ್ಟೆ ಕೋಳಿ ತಿನ್ನುವ ಯುವಕರ ಮಟ್ಟಿಗೆ ನಾನು ಅದನ್ನು ಒಪ್ಪುತ್ತೇನೆ. ಹಸಿವು ಕುಗ್ಗಿದ ಸಸ್ಯಾಹಾರಿ ಹಿರಿಯರಿಗೂ ಅದೇ ಸಲಹೆಯನ್ನು ಅನ್ವಯಿಸುವುದು ನನಗೆ ಸರಿಕಾಣುವುದಿಲ್ಲ.

ನನ್ನ ತಾಯಿಗೆ ಡೆಂಗಿ ಜ್ವರ ಬಂದು ಹೋದ ಮೇಲೆ ಕುರ್ಚಿಯಿಂದ ಏಳುವಾಗ ಎರಡೂ ಕೈಯನ್ನು ಹಿಡಿಕೆಗೆ ಊರಬೇಕಾಗುತ್ತಿತ್ತು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವುದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ದೈಹಿಕ ಸಾಮರ್ಥ್ಯ ಕುಂದಿರುವ ಸೂಚನೆ ಎಂದು ಏಷ್ಯಾದ ತಜ್ಞರ 2019ರ ಮಾನದಂಡ ಹೇಳುತ್ತದೆ. ಆಗ ಅವರಿಗೆ ಒಂದು ಸಲವೂ ಆಗುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಸರಳವಾದದ್ದು: ಎತ್ತರಕ್ಕೆ ದಿಂಬು ಹಾಕಿದ ಕುರ್ಚಿಯಿಂದ ಏಳುವುದು, ಕೂರುವುದು, ದಿಂಬನ್ನು ಕ್ರಮೇಣ ತೆಗೆಯುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವುದು. ಊಟದಲ್ಲಿ ನಾವು ಮಾಡಿದ ಬದಲಾವಣೆಯೂ ದೊಡ್ಡದಲ್ಲ. ಮಧ್ಯಾಹ್ನದ ಅನ್ನವನ್ನು ಒಂದು ಸೌಟು ಇಳಿಸಿ ಅಲ್ಲಿಗೆ ನೆನೆಸಿದ ಹೆಸರುಬೇಳೆಯ ಕೋಸಂಬರಿ ಬಂತು. 50 ಗ್ರಾಂ ಬೇಳೆಯಿಂದ 11 ಗ್ರಾಂ. ಜಗಿಯಲು ಕಷ್ಟವಾದ ದಿನ ಅದೇ ಬೇಳೆಯನ್ನು ಮೆತ್ತಗೆ ಬೇಯಿಸಿ ಒಗ್ಗರಣೆ ಹಾಕಿದರೆ ತೊವ್ವೆ. ರಾತ್ರಿ ಕೈಯಲ್ಲಿ ಪುಡಿಮಾಡಿದ ಮೃದುವಾದ ಪನೀರ್. ಬೆಳಿಗ್ಗೆ ಹನ್ನೊಂದರ ಬಿಸ್ಕತ್ತಿನ ಜಾಗಕ್ಕೆ ರುಚಿಯಿಲ್ಲದ, ಬಣ್ಣವಿಲ್ಲದ ವೇ ಒಂದು ಸ್ಕೂಪ್, ಮಜ್ಜಿಗೆಯಲ್ಲಿ ಕಲಸಿ, ಮೇಲೆ ಇಂಗು, ಕರಿಬೇವಿನ ಒಗ್ಗರಣೆ. ಚಾಕಲೇಟ್ ವಾಸನೆಯ ಪೌಡರನ್ನು ಅವರು ಮೂಸಿಯೇ ಪಕ್ಕಕ್ಕೆ ಸರಿಸಿದ್ದರು. ಮಜ್ಜಿಗೆಯ ರೂಪದಲ್ಲಿ ಬಂದದ್ದನ್ನು ತಕರಾರಿಲ್ಲದೆ ಕುಡಿದರು. ಕುದಿಯುವ ಹಾಲಿಗೆ ಹಾಕಿದರೆ ವೇ ಗಂಟುಕಟ್ಟುತ್ತದೆ, ದೋಸೆ ಹಿಟ್ಟಿಗೆ ಹೆಚ್ಚಾಗಿ ಬೆರೆಸಿದರೆ ದೋಸೆ ರಬ್ಬರಾಗುತ್ತದೆ. ಉಗುರುಬೆಚ್ಚಗಿನ ಹಾಲು ಅಥವಾ ಮಜ್ಜಿಗೆಯೇ ಅದಕ್ಕೆ ಸರಿ. ದಿಂಬುಗಳೆಲ್ಲ ಹೋಗಿ ಕೈ ಊರದೆ ಏಳುವುದಕ್ಕೆ ಕೆಲವು ತಿಂಗಳು ಹಿಡಿಯಿತು. ಅದರಲ್ಲಿ ಹೆಚ್ಚಿನ ಪಾಲು ಕುರ್ಚಿಯ ವ್ಯಾಯಾಮದ್ದು ಎಂದೇ ನಾನು ನಂಬಿದ್ದೇನೆ. ಪ್ರೋಟೀನ್ ಹೆಚ್ಚಿಸಿ ಹಾಸಿಗೆಯಲ್ಲೇ ಮಲಗಿಸಿದ್ದರೆ ಇದು ಆಗುತ್ತಿರಲಿಲ್ಲ.

ಹಿರಿಯರಿಗೆ ಕೊಡುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಆರೋಗ್ಯವಂತ ಮೂತ್ರಪಿಂಡಕ್ಕೆ ಮೇಲೆ ಹೇಳಿದ ಪ್ರಮಾಣದಿಂದ ಹಾನಿಯಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ, ಆದರೆ ಆಗಲೇ ಕುಂದಿರುವ ಮೂತ್ರಪಿಂಡದ ಕಥೆ ಬೇರೆ. ಅಂಥವರಿಗೆ ಪ್ರೋಟೀನನ್ನು ಮಿತಿಗೊಳಿಸುವುದೇ ಚಿಕಿತ್ಸೆಯ ಭಾಗವಾಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಅನೇಕರಿಗೆ ತಮ್ಮ ಮೂತ್ರಪಿಂಡ ಸೊರಗಿರುವುದು ಗೊತ್ತೇ ಇರುವುದಿಲ್ಲ. ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ (ಮೇಲೆ ಹೇಳಿದ ಕ್ರಿಯಾಟಿನ್ ಅಲ್ಲ) ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ, ಆಮೇಲೆ ಡಬ್ಬಿ ತೆರೆಯಿರಿ. ಕ್ರಿಯಾಟಿನ್ ಸೇವಿಸುವವರ ರಕ್ತದಲ್ಲಿ ಕ್ರಿಯಾಟಿನಿನ್ ಮಟ್ಟ ಮೂತ್ರಪಿಂಡ ಚೆನ್ನಾಗಿದ್ದರೂ ತುಸು ಹೆಚ್ಚು ತೋರಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಿದರೆ ಅವರು ಬೇಕಿದ್ದಲ್ಲಿ ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಬರೆದುಕೊಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವ ಹೆಂಗಸರು ಕ್ಯಾಲ್ಸಿಯಂ, ಕಬ್ಬಿಣ ಬೆರೆಸಿದ ಪೌಡರನ್ನೂ ಸೋಯಾ ಪೌಡರನ್ನೂ ಮಾತ್ರೆಯ ಹತ್ತಿರ ತರಬಾರದು. ನಾಲ್ಕು ಗಂಟೆಯ ಅಂತರವಿದ್ದರೆ ಮಾತ್ರೆಯನ್ನು ದೇಹ ಸರಿಯಾಗಿ ಹೀರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಆ ಮಜ್ಜಿಗೆಗೆ ಹನ್ನೊಂದು ಗಂಟೆಯೇ ಗೊತ್ತಾದದ್ದು ಈ ಕಾರಣದಿಂದ. ವೈದ್ಯರ ಬಳಿ ಹೋಗುವಾಗ ಮಾತ್ರೆಗಳ ಚೀಟಿಯ ಜೊತೆಗೆ ಡಬ್ಬಿಯ ಹಿಂಬದಿಯ ಫೋಟೋವನ್ನೂ ಫೋನಿನಲ್ಲಿ ತೆಗೆದುಕೊಂಡು ಹೋಗಿ, ಏಕೆಂದರೆ ‘ಏನೋ ಪ್ರೋಟೀನ್ ಪೌಡರ್’ ಎಂದು ಹೇಳಿದರೆ ಅವರಿಗೂ ಏನೂ ತಿಳಿಯುವುದಿಲ್ಲ.